ಮಗು ಕೊಡುವವರು ಮನೆ ನೋಡಲು ಬಂದಾಗ

ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಗಾದರೂ ಹೆಣ್ಣಿನ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಬರುತ್ತಾರೆಂದರೆ ಮೊದಲು ಹೇಳಿಕಳಿಸುವುದು ನನಗೆ. ಬಂದವರು ಗಂಡಿನ ಮನೆಯನ್ನು ಕಣ್ಣಲ್ಲೇ ಅಳೆಯುತ್ತಾರೆ. ಅಡುಗೆಮನೆಯಲ್ಲಿ ಬೆಳಕಿದೆಯೋ, ನಲ್ಲಿಯಲ್ಲಿ ನೀರು ಬರುತ್ತದೋ ಬರೀ ಗಾಳಿಯೋ, ಎಲ್ಲ ನೋಡುತ್ತಾರೆ. ಆ ಕಣ್ಣಿಗೆ ಏನು ಬೀಳಬೇಕು, ಏನು ಬೀಳಬಾರದು ಎಂದು ತೀರ್ಮಾನಿಸುವವಳು ನಾನು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ನನಗೆ ಒಳಗಿನ ಹೊಲಿಗೆ ಮುಚ್ಚಿ ಹೊರಗಿನ ಇಸ್ತ್ರಿ ತೋರಿಸುವುದು ಹೊಸದೇನಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ. ನಾನು ಅಷ್ಟೆಲ್ಲ ಖರ್ಚು ಮಾಡುವವಳಲ್ಲ. ಮೂರು ನಾಲ್ಕರಲ್ಲೇ ಮುಗಿಸುತ್ತೇನೆ.

ಹಾಗಾಗಿ ನನ್ನ ತಂಗಿ ಲತಾ ಒಂದು ಸಂಜೆ ಮಹಡಿಯಿಂದ ಇಳಿದು ಬಂದು, ಗುರುವಾರ ಮಧ್ಯಾಹ್ನ ಮೇಡಂ ಒಬ್ಬರು ಮನೆ ನೋಡಲು ಬರುತ್ತಾರೆ ಎಂದಾಗ ನನ್ನ ಕೈಕಾಲು ತಾವಾಗಿಯೇ ಸಜ್ಜಾದವು.

ಲತಾಳ ಕಥೆ ಸ್ವಲ್ಪ ಹೇಳಬೇಕು. ಅವಳು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಡ್ರಾಯಿಂಗ್ ಮಾಡುವವಳು. ಆ ಕಾರ್ಖಾನೆಗೆ ಪೋಲೆಂಡಿನಿಂದ ದೊಡ್ಡದೊಂದು ಮೆಷಿನ್ ಬಂತು. ಅದನ್ನು ಕೂರಿಸಲು ಜೊತೆಗೆ ಪಾವೆಲ್ ಬಂದ. ಮೆಷಿನ್ ಕೂತಿತು, ಇವನೂ ಕೂತುಬಿಟ್ಟ. ಮೆಷಿನ್ನಿಗೆ ಒಂದು ವರ್ಷ ಗ್ಯಾರಂಟಿ, ಇವನಿಗೆ ಆಯುಷ್ಯಪೂರ್ತಿ! ಮದುವೆಯಾಗಿ ನಮ್ಮ ಮಹಡಿಯ ಮೇಲೆಯೇ ಸಂಸಾರ ಹೂಡಿದರು. ಕಾರ್ಖಾನೆಯ ಹುಡುಗರಿಂದ ಕನ್ನಡ ಕಲಿತಿದ್ದರಿಂದ ಅವನು ಪೂಜಾರಪ್ಪನಿಂದ ಹಿಡಿದು ಪೊಲೀಸಪ್ಪನ ತನಕ ಎಲ್ಲರನ್ನೂ ‘ಗುರು’ ಎಂದೇ ಕರೆಯುತ್ತಾನೆ.

ಮಕ್ಕಳಾಗಲಿಲ್ಲ. ಆಸ್ಪತ್ರೆ ಸುತ್ತಿ ಸುಸ್ತಾದ ಮೇಲೆ, ಇಬ್ಬರೂ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಳ್ಳಲು ನಿರ್ಧರಿಸಿದರು. ನನಗೆ ತುಂಬ ಸಂತೋಷವಾಯಿತು. ಆದರೆ ಪಾವೆಲ್ ಬೇರೆ ದೇಶದ ಪ್ರಜೆ. ಆದ್ದರಿಂದ ಬೆಂಗಳೂರಿನಲ್ಲೇ ಕೂತಿದ್ದರೂ ಇವರದು ಹೊರದೇಶದವರ ಸಾಲು. ದೆಹಲಿಯ ಕಚೇರಿ, ಅವನ ದೇಶದ ರಾಯಭಾರ ಕಚೇರಿಯ ಒಪ್ಪಿಗೆ, ಎರಡೂ ದೇಶಗಳ ಪೊಲೀಸರ ಸರ್ಟಿಫಿಕೇಟು, ಡಾಕ್ಟರು, ಮನಸ್ಸಿನ ಡಾಕ್ಟರು. ಒಂದು ಕಾಗದ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಒಮ್ಮೆಯಂತೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿ ಬಂದು ಲತಾ ಊಟ ಬಿಟ್ಟು ಮಲಗಿದ್ದಳು. ಇದೇ ನಾಡಿನಲ್ಲಿರುವ ಮಗುವನ್ನು ಇವರು ಕಾಗದದ ಮೇಲೆ ಪೋಲೆಂಡ್ ಸುತ್ತಿಕೊಂಡು ಕರೆತರಬೇಕಿತ್ತು.

“ಇದೊಂದು ಆಗ್ಬಿಟ್ರೆ ಸಾಕಕ್ಕ,” ಎಂದಳು ಲತಾ. “ದತ್ತು ಕಚೇರಿ ಮೇಡಂ ಮನೆ ನೋಡಿ, ಒಪ್ಕೊಂಡು ಬರೆದ್ರೆ ಮಗು ಸಿಗತ್ತೆ. ನೀನೇನೂ ಮಾಡ್ಬೇಡ. ಕೇಳಿದ್ರೆ ಇದ್ದಿದ್ದನ್ನ ಇದ್ದ ಹಾಗೆ ಹೇಳು.”

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವಳ ಕಣ್ಣಲ್ಲಿ ನೀರು ಕಂಡರೆ ನನ್ನ ತಲೆ ಕೆಲಸ ಮಾಡುವುದು ನಿಲ್ಲಿಸುತ್ತದೆ, ಕೈ ಮಾತ್ರ ಶುರುಮಾಡುತ್ತದೆ.

ಅವಳು ಮೇಲೆ ಹೋದ ಮೇಲೆ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, “ಏನೂ ಮಾಡ್ಬೇಡ ಅಂದ್ಳು. ಕೇಳಿಸ್ತಾ?” ಎಂದರು.

“ಕೇಳಿಸ್ತು ಕಣ್ರೀ. ಹೆಣ್ಣು ಕೊಡೋರೇ ಅಷ್ಟು ನೋಡ್ತಾರೆ. ಮಗು ಕೊಡೋರು ನೋಡ್ದೆ ಬಿಡ್ತಾರಾ?”

ಯಜಮಾನರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು. ನಮ್ಮ ದಾಂಪತ್ಯದಲ್ಲಿ ಅದಕ್ಕೆ ‘ನಿನ್ನ ಹಣೆಬರಹ’ ಎಂದು ಅರ್ಥ.

ಗುರುವಾರ ಲತಾ, ಪಾವೆಲ್ ಇಬ್ಬರೂ ಅರ್ಧ ದಿನ ಕೆಲಸಕ್ಕೆ ಹೋದರು. ಮೇಡಂ ಬರುವುದು ಮೂರು ಗಂಟೆಗೆ, ಇವರು ಎರಡಕ್ಕೇ ಬಂದುಬಿಡುತ್ತಾರೆ ಎಂಬುದು ಲೆಕ್ಕ. ನಾನು ರಜೆ ಹಾಕಿ, ಬೀಗದ ಕೈ ತೆಗೆದುಕೊಂಡು ಮೇಲೆ ಹೋದೆ. ಅದೇ ಮನೆಗೆ ದಿನಾ ಹೋಗಿಬರುವವಳೇ ಆದರೂ, ಮನೆ ನೋಡಲು ಬಂದವಳ ಕಣ್ಣಿನಿಂದ ಅವತ್ತೇ ಮೊದಲು ನೋಡಿದ್ದು. ಹಾಲಿನಲ್ಲಿ ಸೋಫಾ ಇಲ್ಲ, ಚಾಪೆ. ಚಾಪೆಯ ಪಕ್ಕ ಸೈಕಲ್ಲು. ಊಟದ ಟೇಬಲ್ಲು ಮೊಣಕಾಲಿನಷ್ಟು ಎತ್ತರ. ಫ್ರಿಜ್ಜು ಲಾಡ್ಜಿನ ರೂಮಿನಲ್ಲಿ ಇಡುವಂಥದ್ದು, ಒಂದು ಎಲೆಕೋಸು ಇಟ್ಟರೆ ಬಾಗಿಲು ಹಾಕಲು ಬರುವುದಿಲ್ಲ. ಗೋಡೆಗೆ ಗೂಟಗಳನ್ನು ಹೊಡೆದಿದ್ದಾರೆ, ಅವೂ ಸೊಂಟಕ್ಕಿಂತ ಕೆಳಗೆ. ಇಂಥ ಮನೆಗೆ ಯಾರು ಮಗು ಕೊಡುತ್ತಾರೆ? ನಾನಾಗಿದ್ದರೆ ಬೆಕ್ಕಿನ ಮರಿಯನ್ನೂ ಕೊಡುತ್ತಿರಲಿಲ್ಲ.

ನೇರವಾಗಿ ಎದುರು ಮನೆಯ ಪುಟ್ಟತಾಯಮ್ಮನ ಹತ್ತಿರ ಹೋದೆ. ಅವರ ಮಗನಿಗೆ ಹೆಣ್ಣು ಕುದುರಿಸಿದ್ದು ನಾನೇ. ಆ ಮದುವೆಯಲ್ಲಿ ಬಂದ ಕೆಂಪು ಸೋಫಾ ಇನ್ನೂ ಪ್ಲಾಸ್ಟಿಕ್ ಕವರ್ ಸಮೇತ ಅವರ ಹಾಲಿನಲ್ಲಿ ವಿರಾಜಮಾನವಾಗಿತ್ತು. ಪಕ್ಕದಲ್ಲಿ ಎರಡು ಬಾಗಿಲಿನ ಫ್ರಿಜ್ಜು. ಸಂಜೆಗೆ ವಾಪಸ್ ಕೊಡುತ್ತೇನೆ ಎಂದೆ. ಋಣ ಇತ್ತಲ್ಲ, ಪಾಪ, ಇಲ್ಲ ಎನ್ನಲಾಗಲಿಲ್ಲ ಅವರಿಗೆ. ಬೀದಿಯ ಕೊನೆಯ ಫ್ಯಾಬ್ರಿಕೇಶನ್ ಶೆಡ್ಡಿನಿಂದ ವೆಲ್ಡರ್ ಬಸಣ್ಣನನ್ನೂ ಅವನ ಜೊತೆಗಾರರನ್ನೂ ಕರೆಸಿದೆ. ಗದಗ ಕಡೆಯವನು, ಮಾತು ಕಡಿಮೆ, ಕೆಲಸ ಗಟ್ಟಿ.

ಫ್ರಿಜ್ಜು ಹೇಗೋ ಮಹಡಿ ಹತ್ತಿತು. ಸೋಫಾ ಮಾತ್ರ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬರದು. ಬಸಣ್ಣ ಅದನ್ನು ಸುತ್ತಿ ನೋಡಿ, “ಅಕ್ಕಾರ, ಒಂದೋ ಸೋಫಾ ಕೊಯ್ಯಬೇಕು, ಇಲ್ಲಾ ಮನಿ ಕೊಯ್ಯಬೇಕು,” ಎಂದ.

ಪರರ ಸೋಫಾ ಕೊಯ್ಯುವ ಹಾಗಿಲ್ಲ. ನಾನು ಬೀದಿಗೆ ಹೋಗಿ ಮೇಲೆ ನೋಡಿದೆ. ಬಾಲ್ಕನಿ ವಿಶಾಲವಾಗಿತ್ತು. ಅಡ್ಡಕ್ಕಿದ್ದದ್ದು ಒಂದು ಕಬ್ಬಿಣದ ಗ್ರಿಲ್ಲು ಮಾತ್ರ. ಅದು ಬೋಲ್ಟಿನ ಮೇಲೆ ನಿಂತಿದೆ, ಬಿಚ್ಚಿದರೆ ಹಗ್ಗ ಕಟ್ಟಿ ಎಳೆದುಕೊಳ್ಳಬಹುದು ಎಂದು ಬಸಣ್ಣನೇ ಹೇಳಿದ. ಬಿಚ್ಚು ಎಂದೆ. ಅವರು ಬಿಚ್ಚಿದರು, ಮೆಟ್ಟಿಲಿನಲ್ಲಿ ಸಿಕ್ಕಿದ್ದ ಸೋಫಾವನ್ನು ಹೇಗೋ ಕೆಳಕ್ಕೆ ಜಗ್ಗಿ ಹಗ್ಗ ಕಟ್ಟಿದರು, ಸೋಫಾ ಬೀದಿಯವರೆಲ್ಲರ ಸಮ್ಮುಖದಲ್ಲಿ ಸ್ವರ್ಗಾರೋಹಣ ಮಾಡಿ ಬಾಲ್ಕನಿ ಸೇರಿತು. ಕೆಳಗೆ ನಿಂತ ಪುಟ್ಟತಾಯಮ್ಮ ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆಯುತ್ತಿದ್ದರು. ಅಷ್ಟರಲ್ಲಿ ಶೆಡ್ಡಿನ ಮಾಲೀಕ ಬಂದು ಲೋಡು ಬಂದಿದೆ ಎಂದು ಕೂಗಿದ. ಊಟವಾದ ಮೇಲೆ ಬಂದು ಗ್ರಿಲ್ಲು ಕೂರಿಸುತ್ತೇನೆ ಎಂದು ಹೇಳಿ ಬಸಣ್ಣ ಹೊರಟೇಹೋದ. ಗ್ರಿಲ್ಲು ಮೆಟ್ಟಿಲಿನ ಕೆಳಗೆ ಮಲಗಿತು.

ಬಾಲ್ಕನಿ ಬಾಯಿ ತೆರೆದುಕೊಂಡು ನಿಂತಿತ್ತು. ನೋಡಲು ಚೆನ್ನಾಗಿ ಕಾಣಲಿಲ್ಲ. ಅದಕ್ಕೆ ನವಿಲಿನ ಚಿತ್ರವಿದ್ದ ಹೊಸ ಬೆಡ್‌ಶೀಟ್ ಒಂದನ್ನು ಅಡ್ಡ ಕಟ್ಟಿದೆ. ಚಾಪೆ, ಸೈಕಲ್ಲು, ಕುಳ್ಳ ಟೇಬಲ್ಲು, ಕುಳ್ಳ ಫ್ರಿಜ್ಜು ಎಲ್ಲವನ್ನೂ ಒಳಗಿನ ಸಣ್ಣ ರೂಮಿಗೆ ತುರುಕಿ ಚಿಲಕ ಹಾಕಿದೆ. ಬೆಳಿಗ್ಗೆಯೇ ಮಾಡಿಟ್ಟಿದ್ದ ಮೈಸೂರು ಪಾಕನ್ನು ತಟ್ಟೆಯಲ್ಲಿ ಜೋಡಿಸಿದೆ. ಸಿಹಿ ಎಂದರೆ ನನಗೆ ಜೀವ. ಎಲ್ಲ ಮುಗಿದ ಮೇಲೆ ನೆಮ್ಮದಿಯಾಗಿ ತಿನ್ನೋಣ ಎಂದು ಮುಟ್ಟದೆ ಬಿಟ್ಟೆ. ಜೀವನದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಕೊನೆಯದಾಗಿ ಕೆಂಪಣ್ಣ. ಬಸ್ ಡ್ರೈವರಾಗಿ ರಿಟೈರಾದ ದಾಸರಹಳ್ಳಿಯ ಹಳೇ ಕುಳ. ಗಂಡು ಹೇಗೆ ಎಂದು ವಿಚಾರಿಸಲು ಬಂದವರಿಗೆಲ್ಲ ನಾವು ತೋರಿಸುವುದು ಕೆಂಪಣ್ಣನನ್ನೇ. ಮೇಡಂ ಬಂದು ಕೇಳಿದರೆ ನಮ್ಮ ಪಾವೆಲ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಅವರನ್ನು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದೆ. ನನಗೆ ಬಿಡವ್ವ, ಇದೇನು ಹೊಸದಾ ಎಂದರು. ಹೊಸದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೇಡಂ ಒಂದು ಗಂಟೆಗೇ ಬಂದುಬಿಟ್ಟರು! ಪೀಣ್ಯದಲ್ಲಿ ಇನ್ನೊಂದು ಕೆಲಸವಿತ್ತಂತೆ, ಬೇಗ ಮುಗಿಯಿತಂತೆ. ಸಣ್ಣ ವಯಸ್ಸಿನವರು, ಹತ್ತಿ ಸೀರೆ, ಬಗಲಲ್ಲಿ ಚೀಲ. ಮುಖದಲ್ಲಿ ನಗುವಿತ್ತು, ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು. ಆ ಕಣ್ಣು ನನಗೆ ಗೊತ್ತು. ಗಂಡಿನ ಮನೆ ನೋಡಲು ಬರುವ ಸೋದರತ್ತೆಯರ ಕಣ್ಣು ಅದು. ತಂಗಿ, ಅವಳ ಗಂಡ ಇನ್ನೇನು ಬಂದುಬಿಡುತ್ತಾರೆ ಎಂದು ಹೇಳಿ ಮೇಲೆ ಕರೆದುಕೊಂಡು ಹೋದೆ.

ಸೋಫಾದ ಮೇಲೆ ಕೂರಿಸಿದೆ. ಪ್ಲಾಸ್ಟಿಕ್ ಕವರು ಪರಪರ ಎಂದಿತು. ಅವರು ಮುಂದಕ್ಕೆ ಜಾರಿದರು. ಹಿಂದಕ್ಕೆ ಸರಿದರು, ಮತ್ತೆ ಜಾರಿದರು. ಕೊನೆಗೆ ತುದಿಯಲ್ಲೇ ಕಾಲೂರಿಕೊಂಡು ಕೂತು, “ಗೇಟ್ ಹತ್ರ ಒಬ್ರು ಹಿರಿಯರು ಸಿಕ್ಕಿದ್ರು,” ಎಂದರು.

“ಕೆಂಪಣ್ಣನವರು. ತುಂಬ ಸತ್ಯವಂತರು ಮೇಡಂ.”

“ಹುಡುಗ ಅಪ್ಪಟ ಚಿನ್ನ, ಕುಡಿಯಲ್ಲ, ಸೇದಲ್ಲ, ಹೆಣ್ಣುಮಕ್ಕಳ ಕಡೆ ತಲೆ ಎತ್ತಿ ನೋಡಲ್ಲ ಅಂದ್ರು. ಒಂದು ಮದುವೆ ಆಗ್ಬಿಟ್ರೆ ಇನ್ನೂ ಚೆನ್ನಾಗಿರ್ತಾನೆ ಅಂತಾನೂ ಅಂದ್ರು.”

ಕೆಂಪಣ್ಣನಿಗೆ ಬರುವ ಪಾಠ ಅದೊಂದೇ, ಅದನ್ನೇ ಒಪ್ಪಿಸಿದ್ದಾರೆ!

“ಮದುವೆ ಆಗಿದೆ ಮೇಡಂ. ನಾನೇ ಮುಂದೆ ನಿಂತು ಮಾಡ್ಸಿದ್ದು.”

“ಅವರಿಗೆ ಗೊತ್ತಿಲ್ವಾ?”

“ಅವತ್ತು ಅವ್ರು ಊಟದ ಹೊತ್ತಿಗೆ ಬಂದ್ರು ಮೇಡಂ.”

ಮೇಡಂ ಏನೋ ಬರೆದುಕೊಂಡರು. ಎದ್ದು ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದರು. ನಾನು ಹೆಮ್ಮೆಯಿಂದ ಪಕ್ಕದಲ್ಲೇ ನಿಂತಿದ್ದೆ. ಖಾಲಿ ಮಾಡಿಸಲು ಮರೆತಿದ್ದೆ, ಒಳಗೆ ಪುಟ್ಟತಾಯಮ್ಮನ ದೋಸೆಹಿಟ್ಟಿನ ಪಾತ್ರೆಯಿತ್ತು. ಅದರ ಪಕ್ಕದಲ್ಲಿ ಅವರ ಅತ್ತೆಯ ಇನ್ಸುಲಿನ್ ಇತ್ತು, ಸೂಜಿಗಳ ಸಮೇತ.

“ಇದು ಯಾರದು? ಇವರಿಬ್ಬರ ಮೆಡಿಕಲ್ ರಿಪೋರ್ಟಲ್ಲಿ ಶುಗರ್ ಇಲ್ಲ ಅಂತಿದೆ.”

ಲತಾ ಇಷ್ಟು ವರ್ಷ ಕಾದಿದ್ದೆಲ್ಲ ನನ್ನ ಕಣ್ಣೆದುರೇ ಆ ಫ್ರಿಜ್ಜಿನೊಳಗೆ ತಣ್ಣಗಾಗುತ್ತಿತ್ತು.

“ನಂದು ಮೇಡಂ,” ಎಂದೆ. “ಕೆಳಗಡೆ ನಮ್ಮ ಫ್ರಿಜ್ ಕೆಟ್ಟಿದೆ. ಇಲ್ಲಿಟ್ಟಿದ್ದೀನಿ.”

ಮೇಡಂ ಮುಖ ಮೆತ್ತಗಾಯಿತು. ಎಷ್ಟು ದಿನದಿಂದ, ಊಟಕ್ಕೆ ಮುಂಚೆಯೋ ಆಮೇಲೋ ಎಂದೆಲ್ಲ ವಿಚಾರಿಸಿದರು. ಅವರ ತಾಯಿಗೂ ಇದೆಯಂತೆ. ನಾನು ಬಾಯಿಗೆ ಬಂದದ್ದು ಹೇಳಿದೆ. ಹಾಲಿಗೆ ಬಂದು ಮೈಸೂರು ಪಾಕಿನ ತಟ್ಟೆ ನೀಡಿದಾಗ ಅವರು ಒಂದು ತುಂಡು ತೆಗೆದುಕೊಂಡು, ತಟ್ಟೆಯನ್ನು ನನ್ನ ಕೈಗೆ ಸಿಗದಷ್ಟು ದೂರ ಸರಿಸಿಟ್ಟರು. ತುಪ್ಪದ ವಾಸನೆ ಮಾತ್ರ ನನ್ನ ತನಕ ಬರುತ್ತಿತ್ತು.

ಆಮೇಲೆ ಅವರು ಬಾಲ್ಕನಿ ಕಡೆ ಹೊರಟರು. ನಾನು ಅಡ್ಡ ಹೋಗಿ ಬಿಸಿಲು ಜಾಸ್ತಿ ಮೇಡಂ ಎಂದೆ. ಅವರು ನವಿಲಿನ ಬೆಡ್‌ಶೀಟ್ ಎತ್ತಿದರು. ಎತ್ತಿದವರು ಹಾಗೆಯೇ ನಿಂತರು. ಪಾದದ ಮುಂದೆ ಏನೂ ಇಲ್ಲ. ನೇರ ಕೆಳಗೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಕೆಂಪಣ್ಣನ ಬೋಳುತಲೆ ಕಂಡಿತು.

“ಇಲ್ಲಿ ಮಗು ಓಡಾಡಬೇಕಲ್ಲಮ್ಮ,” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಲತಾ, ಪಾವೆಲ್ ಒಳಗೆ ಬಂದರು. ಲತಾ ಬಾಗಿಲಲ್ಲೇ ಕಲ್ಲಾದಳು. ಪಾವೆಲ್ ಕೆಂಪು ಸೋಫಾ ನೋಡಿದ, ಎರಡು ಬಾಗಿಲಿನ ಫ್ರಿಜ್ಜು ನೋಡಿದ, ನವಿಲು ನೋಡಿದ.

“ಅಕ್ಕ,” ಎಂದ ಮೆಲ್ಲಗೆ, “ನಮ್ಮ ಮನೆ ಎಲ್ಲೋಯ್ತು?”

ಅವನು ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಸೋಫಾದ ಮೇಲೆ ಕೂತು ಗೊಳೋ ಎಂದು ಅತ್ತೆ. ಅಳುವಾಗಲೂ ಜಾರುತ್ತಿದ್ದೆ. ಸೋಫಾ ಎದುರುಮನೆಯದು ಮೇಡಂ, ಫ್ರಿಜ್ಜೂ ಅವರದೇ, ದೋಸೆಹಿಟ್ಟೂ ಅವರದೇ, ಇವರ ಸಾಮಾನೆಲ್ಲ ಒಳಗಿನ ರೂಮಿನಲ್ಲಿದೆ, ಗ್ರಿಲ್ಲು ಬಿಚ್ಚಿಸಿದ್ದು ನಾನು, ಇವರಿಬ್ಬರಿಗೂ ಇದೇನೂ ಗೊತ್ತಿಲ್ಲ, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ನನ್ನ ತಂಗಿಗೆ ಮಗು ಕೊಡಿ. ಹೀಗೆ ಎಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

ಪಾವೆಲ್‌ಗೆ ಅಷ್ಟರಲ್ಲಿ ಗ್ರಿಲ್ ಎಂಬ ಮಾತು ಕಿವಿಗೆ ಬಿದ್ದಿತ್ತು. ಬಾಲ್ಕನಿ ನೋಡಿದವನ ಮುಖ ಬಿಳಿಚಿಕೊಂಡಿತು. ಮೊದಲೇ ಬಿಳಿ, ಇನ್ನೂ ಬಿಳಿಯಾಯಿತು. ದಡದಡ ಕೆಳಗಿಳಿದು ಹೋಗಿ ಗ್ರಿಲ್ಲನ್ನು ಒಬ್ಬನೇ ಬೆನ್ನಿನ ಮೇಲೆ ಹೊತ್ತು ತಂದ. ಸ್ಪ್ಯಾನರ್ ಹುಡುಕಲು ಒಳಗಿನ ರೂಮಿನ ಚಿಲಕ ತೆಗೆದ. ಸೈಕಲ್ಲು ಹೊರಗೆ ಬಿತ್ತು. ಅದರ ಹಿಂದೆ ಚಾಪೆ. ಎಲ್ಲ ಬಿದ್ದ ಮೇಲೆ, ನಾನು ಸಾಮಾನು ತುರುಕಿ ಮುಚ್ಚಿಹಾಕಿದ್ದ ಒಂದು ಪುಟ್ಟ ಮಂಚ ಕಾಣಿಸಿತು, ನೆಲಕ್ಕೆ ಹತ್ತಿರವಾಗಿ.

ಮೇಡಂ ಆ ರೂಮಿನ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಗೋಡೆಯ ಗೂಟಗಳು ಇಷ್ಟು ಕೆಳಗೆ ಯಾಕೆ ಎಂದು ಕೇಳಿದರು.

“ಅವ್ಳ ಬ್ಯಾಗ್ ಅವ್ಳೇ ಹಾಕ್ಬೇಕಲ್ಲ ಗುರು,” ಎಂದ ಪಾವೆಲ್ ಬೋಲ್ಟು ಬಿಗಿಯುತ್ತ. ಮೇಡಂ ಅವರನ್ನು ಗುರು ಎಂದದ್ದಕ್ಕೆ ಲತಾ ಕಣ್ಣು ಮುಚ್ಚಿಕೊಂಡಳು.

ಕುಳ್ಳ ಟೇಬಲ್ಲೂ ಅದಕ್ಕೇ. ಯಾವ ವಯಸ್ಸಿನ ಮಗು ಬರುತ್ತದೋ ಗೊತ್ತಿಲ್ಲ, ಅದಕ್ಕೆ ಕಾಲುಗಳನ್ನು ಎತ್ತರಿಸುವಂತೆ ಮಾಡಿದ್ದನಂತೆ. ಗ್ರಿಲ್ಲಿನ ಸರಳುಗಳ ನಡುವೆ ಮಗುವಿನ ತಲೆ ತೂರದಷ್ಟೇ ಜಾಗ ಬಿಟ್ಟಿದ್ದನಂತೆ. ಭಾನುವಾರಗಳೆಲ್ಲ ಕೂತು ತಾನೇ ಮಾಡಿದ್ದಂತೆ. ಬೆಕ್ಕಿನ ಮರಿಗೂ ಲಾಯಕ್ಕಿಲ್ಲ ಎಂದುಕೊಂಡಿದ್ದೆನಲ್ಲ, ಆ ಮನೆ ಅಳತೆ ತೆಗೆದು ಹೊಲಿದ ಹಾಗೆ ಒಂದು ಮಗುವಿಗಾಗಿಯೇ ತಯಾರಾಗಿತ್ತು. ಹೊಲಿಗೆಯ ಕೆಲಸದವಳಾದ ನನಗೇ ಅದು ಕಾಣಲಿಲ್ಲ. ನಾಚಿಕೆಯಾಯಿತು, ಖುಷಿಯೂ ಆಯಿತು.

ಮೇಡಂ ಗ್ರಿಲ್ಲನ್ನು ಹಿಡಿದು ಜಗ್ಗಿ ನೋಡಿದರು. ಅಲ್ಲಾಡಲಿಲ್ಲ. ಆಮೇಲೆ ಮೂವರೂ ಚಾಪೆಯ ಮೇಲೆ ಕೂತು ಸುಮಾರು ಹೊತ್ತು ಮಾತಾಡಿದರು. ಮಗು ಯಾವ ಭಾಷೆಯಲ್ಲಿ ಬೆಳೆಯುತ್ತದೆ ಎಂದು ಮೇಡಂ ಕೇಳಿದಾಗ ಪಾವೆಲ್, ಕೆಳಗಡೆ ಅಕ್ಕ ಇರುವಾಗ ಬೇರೆ ಭಾಷೆಗೆ ಟೈಮೇ ಸಿಗುವುದಿಲ್ಲ ಎಂದ. ಮೇಡಂ ಅವತ್ತು ಮೊದಲ ಸಲ ಜೋರಾಗಿ ನಕ್ಕರು.

ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ಅಮ್ಮಾ, ಮನೆ ನೋಡೋದು ಅಂದ್ರೆ ಸೋಫಾ ನೋಡೋದಲ್ಲ. ಆದ್ರೆ ಒಂದು ಮಾತು. ಮೈಯಲ್ಲಿ ಶುಗರ್ ಇಟ್ಕೊಂಡು, ದಿನಾ ಸೂಜಿ ಚುಚ್ಕೊಂಡು, ತಂಗಿಗೋಸ್ಕರ ಇಷ್ಟೆಲ್ಲ ಓಡಾಡಿದ್ದೀರ. ಈ ಮಗೂಗೆ ಒಳ್ಳೆ ದೊಡ್ಡಮ್ಮ ಸಿಗ್ತಾರೆ,” ಎಂದರು.

ಆಗಲೇ ಹೇಳಬೇಕಿತ್ತು. ಇನ್ಸುಲಿನ್ ಕೂಡ ಎದುರುಮನೆಯದೇ ಎಂದು ಬಾಯಿ ತುದಿಗೆ ಬಂದಿತ್ತು. ಆದರೆ ಇಡೀ ದಿನದಲ್ಲಿ ನನಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ. ಅದೂ ಸುಳ್ಳಿನ ಮೇಲೆ ನಿಂತಿತ್ತು. ಬೋಲ್ಟು ಬಿಚ್ಚಲು ಮನಸ್ಸಾಗಲಿಲ್ಲ. ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟೆ, ರೋಗಿಷ್ಠೆಯ ಹಾಗೆ.

ಆಮೇಲೂ ತಿಂಗಳುಗಟ್ಟಲೆ ಕಾಯಬೇಕಾಯಿತು. ದೆಹಲಿ, ರಾಯಭಾರ ಕಚೇರಿ, ಕೊನೆಗೆ ಜಿಲ್ಲಾ ಕಚೇರಿಯ ಆದೇಶ. ಒಂದು ಬೆಳಿಗ್ಗೆ ಲತಾ, ಪಾವೆಲ್ ಇಬ್ಬರೂ ಬಾಗಲಕೋಟೆ ಕಡೆ ಹೋಗಿ, ನಾಲ್ಕು ವರ್ಷದ ಗೌರಿಯ ಕೈ ಹಿಡಿದುಕೊಂಡು ಬಂದರು. ಎರಡು ಜಡೆ, ದೊಡ್ಡ ಕಣ್ಣು. ಮೊದಲ ದಿನ ಯಾರ ಜೊತೆಗೂ ಮಾತಾಡಲಿಲ್ಲ. ತನ್ನ ಪುಟ್ಟ ಚೀಲವನ್ನು ಎಲ್ಲಿಡುವುದೆಂದು ಸುತ್ತ ನೋಡಿ, ಗೋಡೆಯ ಗೂಟ ಕಂಡು, ತಾನೇ ಹೋಗಿ ತಗುಲಿ ಹಾಕಿದಳು. ಲತಾ ಅಡುಗೆಮನೆಗೆ ಓಡಿಹೋಗಿ ಅತ್ತಳು. ನಾನು ಹಾಲಿನಲ್ಲೇ ಅತ್ತೆ.

ಕೆಲವು ವಾರ ಕಳೆದ ಮೇಲೆ, ಮಗು ಹೊಂದಿಕೊಂಡಿದೆಯೋ ಎಂದು ನೋಡಲು ಅದೇ ಮೇಡಂ ಬಂದರು. ಈ ಸಲ ನಾನು ಒಂದು ಕಡ್ಡಿಯನ್ನೂ ಅತ್ತಿತ್ತ ಸರಿಸಿರಲಿಲ್ಲ. ಹೋಳಿಗೆ ಮಾತ್ರ ಮಾಡಿದ್ದೆ. ಗೌರಿಗೆ ಆ ಹೊತ್ತಿಗೆ ಬಾಯಿ ಬಂದಿತ್ತು, ನನ್ನನ್ನು ದೊಡ್ಡವ್ವ ಎನ್ನುತ್ತಿದ್ದಳು. ಎಲ್ಲರೂ ಚಾಪೆಯ ಮೇಲೆ ಕೂತೆವು. ತುಪ್ಪ ಹಾಕಿ ಹೋಳಿಗೆಯನ್ನು ಬಾಯಿಯ ಹತ್ತಿರ ತಂದಿದ್ದೆ.

“ಅಯ್ಯೋ, ನಿಮಗೆ ಶುಗರ್ ಅಲ್ವಾ?” ಎಂದರು ಮೇಡಂ.

ಯಜಮಾನರು ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ. ಅವರು ತೆರೆದ ಬಾಯಿಗೆ ಹೋಳಿಗೆ ಇಟ್ಟುಕೊಂಡು, “ಹೌದು ಮೇಡಂ, ಎಷ್ಟು ಹೇಳಿದ್ರೂ ಕೇಳಲ್ಲ,” ಎಂದರು. ಆಮೇಲೆ ನನ್ನ ಹೋಳಿಗೆಯನ್ನೂ ತಾವೇ ಎತ್ತಿಕೊಂಡರು. ಇಷ್ಟು ವರ್ಷದ ಸೇಡು ಒಂದೇ ತುತ್ತಿನಲ್ಲಿ ತೀರಿತು.

ಸಿಹಿ ತಿಂದರೆ ದೊಡ್ಡವ್ವನಿಗೆ ಕಾಯಿಲೆ ಜಾಸ್ತಿಯಾಗುತ್ತದೆ, ನೀನೇ ನೋಡಿಕೊಳ್ಳಬೇಕು ಎಂದು ಮೇಡಂ ಗೌರಿಗೆ ಹೇಳಿ ಹೋದರು. ಅವಳು ಆ ಕೆಲಸವನ್ನು ಅತ್ಯಂತ ನಿಷ್ಠೆಯಿಂದ ಮಾಡುತ್ತಿದ್ದಾಳೆ. ಬೇಕರಿಯವನಿಗೆ ಹೇಳಿದ್ದಾಳೆ. ಪುಟ್ಟತಾಯಮ್ಮನಿಗೆ ಹೇಳಿದ್ದಾಳೆ. ನಾಮಕರಣಕ್ಕೆ ಕರೆದವರ ಮನೆಯಲ್ಲಿ ಬಡಿಸುವವನ ಕೈ ಹಿಡಿದು, “ದೊಡ್ಡವ್ವಗ ಹಾಕಬ್ಯಾಡ್ರಿ, ಸಕ್ರಿ ಬ್ಯಾನಿ ಐತಿ,” ಎಂದು ಪಂಕ್ತಿಗೆಲ್ಲ ಕೇಳುವಂತೆ ಸಾರಿದ್ದಾಳೆ. ನಾನು ರಕ್ತಪರೀಕ್ಷೆಯ ರಿಪೋರ್ಟ್ ತಂದು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ.

ಮೊನ್ನೆ ಹಬ್ಬದ ದಿನ ಮಾತ್ರ ಬಾಲ್ಕನಿಯಲ್ಲಿ ನಾನೊಬ್ಬಳೇ ಸಪ್ಪಗೆ ಕೂತಿದ್ದಾಗ ಹತ್ತಿರ ಬಂದಳು. ಗ್ರಿಲ್ಲಿಗೆ ಬೆನ್ನು ಕೊಟ್ಟು ನಿಂತು, ಆ ಕಡೆ ಈ ಕಡೆ ನೋಡಿ, ತನ್ನ ಹೋಳಿಗೆಯ ಅಂಚು ಮುರಿದು ನನ್ನ ಬಾಯಿಗೆ ಇಟ್ಟಳು.

“ಮೇಡಂ ಕೇಳಿದ್ರ ತಿಂದಿಲ್ಲ ಅನ್ನೂಣು,” ಎಂದಳು.

ಸಂಬಂಧ ಗಟ್ಟಿಯಾಯಿತು ಎಂದು ನನಗೆ ಆ ಕ್ಷಣ ಖಾತ್ರಿಯಾಯಿತು. ಅಪ್ಪಟ ನಮ್ಮ ಮನೆಯ ಮಗು! ಅಪ್ಪಿಕೊಂಡು, ಇನ್ನೊಂದು ಚೂರು ಕೊಡೇ ಎಂದೆ. ಕೊಡಲಿಲ್ಲ.